ಯಾರೂ ಹತ್ತಿ ನೋಡದ ಇಳಿಜಾರು

ಹಿಮವನ್ನು ನಾನು ಹತ್ತಿರದಿಂದ ನೋಡಿದ್ದು ಫ್ರೀಜರಿನೊಳಗೆ ಮಾತ್ರ. ಅದನ್ನೂ ಆಗಾಗ ಚಮಚದಿಂದ ಕೆರೆದು, ಬಯ್ದುಕೊಂಡು, ಸಿಂಕಿಗೆ ಸುರಿಯುತ್ತಿದ್ದೆ. ಅಂಥವಳ ತಲೆಗೆ ಒಂದು ಇಡೀ ಚಳಿಗಾಲ ಸಾವಿರಾರು ಮೈಲಿ ಆಚೆಯ ಬೆಟ್ಟಗಳ ಹಿಮದ ಉಸಾಬರಿ ಬಂದು ಕೂತಿತು. ಚಳಿಗಾಲ ಅವರದು. ನಮಗೆ ನೈರೋಬಿಯ ಫೆಬ್ರವರಿ ಬಿಸಿಲು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆಯ ಗೋದಾಮೊಂದನ್ನು ಆಫೀಸು ಮಾಡಿದ್ದರು. ತಗಡಿನ ಚಾವಣಿ ಕಾದು, ಕೆಳಗೆ ಕೂತ ನಾವು ಮಧ್ಯಾಹ್ನದ ಹೊತ್ತಿಗೆ ಬೆಂದಿರುತ್ತಿದ್ದೆವು. ಹೊರಗೆ ಲಾರಿಗಳ ಸಾಲು, ಧೂಳು, ಹಾರ್ನು. ಒಳಗೆ ಹೆಡ್‌ಸೆಟ್ ಹಾಕಿಕೊಂಡ ಹುಡುಗ ಹುಡುಗಿಯರು ಹಿಮದ ಆಳವನ್ನು ಟೈಪ್ ಮಾಡುತ್ತಿದ್ದರು.

ಕೆಲಸ ಕೇಳಲು ಸುಲಭ. ಆ ಬೆಟ್ಟಗಳಲ್ಲಿ ಲಿಫ್ಟಿಲ್ಲ, ಟಿಕೆಟ್ಟಿಲ್ಲ, ಕಾವಲಿನವರಿಲ್ಲ. ಜನ ಬೆನ್ನಿಗೆ ಚೀಲ ಹಾಕಿ, ಕಾಲಿಗೆ ಸ್ಕೀ ಕಟ್ಟಿಕೊಂಡು ತಾವೇ ಹತ್ತುತ್ತಾರೆ, ತಾವೇ ಜಾರಿ ಇಳಿಯುತ್ತಾರೆ. ಇಳಿಜಾರಿನ ಹಿಮ ಕುಸಿದರೆ ಅದರಡಿ ಹೂತುಹೋಗುತ್ತಾರೆ. ಅದಕ್ಕೇ ಅಲ್ಲಿ ದಿನಾ ಬೆಳಿಗ್ಗೆ ಒಂದು ಎಚ್ಚರಿಕೆ ಪ್ರಕಟವಾಗುತ್ತದೆ. ಅಪಾಯಕ್ಕೆ ಒಂದರಿಂದ ಐದರವರೆಗೆ ಅಂಕಿ. ಎರಡು ಅಂದರೆ ನೋಡಿಕೊಂಡು ಹೋಗಿ, ನಾಲ್ಕು ಅಂದರೆ ಆ ಕಡೆ ತಲೆ ಹಾಕಬೇಡಿ. ಅಂಕಿ ಹಾಕುವವರು ಒಬ್ಬರೇ ಮುನ್ಸೂಚಕರು. ಕಣಿವೆಯ ಕೆಳಗಿನ ಊರಿನಲ್ಲಿ ಅವರ ಆಫೀಸು. ಅವರಿಗೆ ಕಣ್ಣಾಗಿದ್ದವರು ಮೇಲಿನ ಕೆಲವರು: ಒಂದು ಲಾಡ್ಜ್ ನಡೆಸುವ ಮುದುಕ, ರಸ್ತೆಯ ಹಿಮ ತಳ್ಳುವ ಗಾಡಿಯ ಡ್ರೈವರ್, ಒಂದಿಬ್ಬರು ಗೈಡುಗಳು. ಈ ನೋಡುಗರು ಸಂಜೆ ಒಂದು ನಂಬರಿಗೆ ಫೋನ್ ಮಾಡಿ, ಕಂಡದ್ದನ್ನು ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಆ ರೆಕಾರ್ಡಿಂಗು ನಮ್ಮ ಚಾವಣಿಯ ಮೇಲಿನ ಡಿಶ್ಶಿಗೆ ಬಂದು ಇಳಿಯುತ್ತಿತ್ತು. ಸಮುದ್ರದಡಿಯ ಕೇಬಲ್ ಇನ್ನೂ ಬಂದಿರದ ಕಾಲ ಅದು. ನಮ್ಮವರು ಕೇಳಿ ಕಂಪ್ಯೂಟರಿನಲ್ಲಿ ಮನೆ ಮನೆಯಾಗಿರುವ ಟೇಬಲ್ ತುಂಬಬೇಕು. ಅಲ್ಲಿ ಬೆಳಕು ಹರಿಯುವ ಮೊದಲು, ಅಂದರೆ ನಮಗೆ ಮಧ್ಯಾಹ್ನದ ಟೀ ಹೊತ್ತಿಗೆ, ಟೇಬಲ್ ಮುನ್ಸೂಚಕರ ಪರದೆಯ ಮೇಲಿರಬೇಕು. ಅವರು ಅದನ್ನು ನೋಡಿ ಅಂಕಿ ಹಾಕುತ್ತಿದ್ದರು. ನಾನು ಕ್ವಾಲಿಟಿ ನೋಡುವವಳು. ಬೆಂಗಳೂರಿನ ಕಂಪನಿ ನನ್ನನ್ನು ಆ ಕೆಲಸಕ್ಕೇ ಅಲ್ಲಿ ಕೂರಿಸಿತ್ತು.

ಸೀಸನ್ನಿನ ಆರಂಭದಲ್ಲಿ ಮುನ್ಸೂಚಕರು ಫೋನಿನಲ್ಲೇ ನಮಗೆ ಪಾಠ ಮಾಡಿದ್ದರು. ಬಿದ್ದ ಹಿಮವೆಲ್ಲ ಒಂದೇ ಅಲ್ಲ, ಪದರ ಪದರವಾಗಿ ಕೂರುತ್ತದೆ. ಕೆಲವು ಸಲ ಕೆಳಗಿನ ಪದರ ಅಂಟು ಕಳೆದುಕೊಂಡು ಉದುರುದುರಾಗುತ್ತದೆ. ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಒತ್ತಿಕೊಂಡು ಹಲಗೆಯಂತೆ ಗಟ್ಟಿಯಾಗುತ್ತದೆ. ಆ ಹಲಗೆಯ ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಸಾಕು. ನಮ್ಮ ಶಿಫ್ಟ್ ಲೀಡ್, ಕಿಯಾಂಬು ಕಡೆಯ ಹೆಂಗಸು, ನನಗೆ ಅರ್ಥವಾಯಿತಾ ಅಂತ ಮುಖ ನೋಡಿದಳು. ಚಿರೋಟಿ ರವೆಯ ಮೇಲೆ ಮಣೆ ಇಟ್ಟು, ಮಣೆಯನ್ನು ಓರೆ ಮಾಡಿದ ಹಾಗೆ ಅಂತ ನಾನು ಹೇಳಿದೆ. ಅವಳು ತಮ್ಮ ಕಡೆ ಮುದ್ದೆ ಮಾಡುವ ಉಗಾಲಿ ಹಿಟ್ಟು ಅಂತ ತಿದ್ದಿಕೊಂಡಳು. ಆ ವರ್ಷ ಅಲ್ಲಿ ಕೆಳಗಿನ ಪದರ ಹಾಗೇ ಇದೆ, ವಸಂತದವರೆಗೂ ನಂಬುವಂತಿಲ್ಲ ಎಂದು ಮುನ್ಸೂಚಕರು ಎರಡೆರಡು ಸಲ ಹೇಳಿದ್ದರು.

ಇನ್ನು ನಮ್ಮ ಪದ್ಧತಿ. ಟೇಬಲ್ಲಿನ ನಮೂನೆ ನಮಗೆ ಬಂದದ್ದು ಕಂಪನಿಯ ಹಳೆಯ ಇನ್ಶೂರೆನ್ಸ್ ಕೆಲಸದಿಂದ. ಅದರಲ್ಲಿ ಯಾವ ಮನೆಯೂ ಖಾಲಿ ಇರುವಂತಿರಲಿಲ್ಲ. ಖಾಲಿ ಬಿಟ್ಟರೆ ಸಿಸ್ಟಮ್ ಮುಂದಕ್ಕೇ ಹೋಗದು. ನಮಗೆ ಅದು ವಿಚಿತ್ರ ಅನಿಸಲೇ ಇಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋಗುವಾಗ ನಮ್ಮ ಮೇಷ್ಟ್ರು ಹೇಳಿ ಕಳಿಸಿದ್ದೂ ಅದೇ ತಾನೆ: ಒಂದು ಪ್ರಶ್ನೆನೂ ಖಾಲಿ ಬಿಡಬೇಡ, ಗೊತ್ತಿಲ್ಲದಿದ್ರೂ ಏನಾದ್ರೂ ಗೀಚಿ ಬಾ. ಕೆನ್ಯಾದ ಮೇಷ್ಟ್ರುಗಳೂ ನಮ್ಮವರ ದಾಯಾದಿಗಳೇ, ಅಲ್ಲಿಯೂ ಇದೇ ಮಂತ್ರ. ಹೀಗಾಗಿ ನೋಡುಗ ಯಾವುದಾದರೂ ವಿಷಯದ ಬಗ್ಗೆ ಮಾತೇ ಆಡದಿದ್ದರೆ ಆ ಮನೆಗೆ 'ಇಲ್ಲ' ಎಂದು ಬೀಳುತ್ತಿತ್ತು. ಬಿರುಕು? ಇಲ್ಲ. ಕಾಲಡಿ ಕುಸಿದ ಸದ್ದು? ಇಲ್ಲ. ಹೊಸ ಹಿಮಕುಸಿತ? ಇಲ್ಲ. ನಮ್ಮವರು ಸ್ವಾಹಿಲಿಯಲ್ಲಿ ಹಕುನಾ, ಹಕುನಾ, ಹಕುನಾ ಎಂದು ಗುನುಗುತ್ತಲೇ ಕೀಲಿ ಒತ್ತುತ್ತಿದ್ದರು.

ಆ ವಾರ ಅಲ್ಲಿ ಬಿರುಗಾಳಿ ಹಿಡಿದುಕೊಂಡಿತು. ದಿನವೂ ಹಿಮ, ದಿನವೂ ಗಾಳಿ. ರೆಕಾರ್ಡಿಂಗಿನಲ್ಲಿ ಮನುಷ್ಯರ ದನಿಗಿಂತ ಗಾಳಿಯ ಊಳೇ ಜಾಸ್ತಿ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹಾಕಿ ಕೇಳಿ ನಮ್ಮ ಕಿವಿ ಗುಂಯ್ ಎನ್ನುತ್ತಿತ್ತು. ಇತ್ತ ನಮಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಜನರೇಟರ್ ಶುರುವಾದಾಗಲೆಲ್ಲ ಡಿಶ್ಶಿನ ಲಿಂಕು ಸತ್ತು, ಮತ್ತೆ ಉಸಿರು ಹಿಡಿಯಲು ಸತಾಯಿಸುತ್ತಿತ್ತು. ಹೇಗೋ ತಳ್ಳಿದೆವು. ಶುಕ್ರವಾರ ವಾರದ ಸ್ಕೋರು ಬಂತು, ಒಂದು ಮನೆಯೂ ಖಾಲಿಯಿಲ್ಲ, ನೂರಕ್ಕೆ ನೂರು. ನಾನೇ ಎಲ್ಲರಿಗೂ ಮೇಲ್ ಹಾಕಿದೆ. ನಮ್ಮ ಮ್ಯಾನೇಜರ್, ಉಡುಪಿ ಕಡೆಯವರು, ಖುಷಿಯಾಗಿ ನ್ಗಾರಾದ ಅಂಗಡಿಯಿಂದ ಸಮೋಸ ತರಿಸಿದರು. ಆ ತಿಂಗಳ ಕೊನೆಗೆ ಕಾಂಟ್ರಾಕ್ಟ್ ನವೀಕರಣವಿತ್ತು. ನಾನೂ ಎರಡು ಸಮೋಸ ತಿಂದೆ. ದಣಿವಿಗೆ ಅದರ ರುಚಿಯೂ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಟೇಬಲ್ ಕಳಿಸಿಯಾಗಿತ್ತು. ನಾನು ಆಡಿಟ್ಟಿಗೆ ಕೂತೆ. ವಾರಕ್ಕೊಮ್ಮೆ ಕೆಲವು ರೆಕಾರ್ಡಿಂಗುಗಳನ್ನು ಆರಿಸಿ, ಟೇಬಲ್ಲನ್ನು ಪಕ್ಕದಲ್ಲಿಟ್ಟು ಕೇಳುವುದು ನನ್ನ ಕೆಲಸ. ಮೊದಲು ಸಿಕ್ಕಿದ್ದು ಲಾಡ್ಜಿನ ಮುದುಕನದು. ಹೊಸ ಹಿಮದ ಆಳ ಸರಿ ಇತ್ತು, ಗಾಳಿಯ ದಿಕ್ಕು ಸರಿ ಇತ್ತು. ಕೊನೆಯಲ್ಲಿ ಆತ ಹೇಳಿದ: "ಮೇಲಿನ ಇಳಿಜಾರಿಗೆ ಇವತ್ತೂ ಹೋಗಲಿಲ್ಲ. ಚಾಚಿದ ಕೈ ಕಾಣ್ತಿಲ್ಲ. ಸೌದೆ ಮನೆಯವರೆಗೆ ಹೋಗಿ ಬಂದೆ, ಅಷ್ಟೆ." ಟೇಬಲ್ಲಿನಲ್ಲಿ ನೋಡಿದೆ. ಬಿರುಕು ಇಲ್ಲ. ಸದ್ದು ಇಲ್ಲ. ಕುಸಿತ ಇಲ್ಲ.

ಟೈಪ್ ಮಾಡಿದ ಹುಡುಗಿ ನಿಯಮದ ಪ್ರಕಾರವೇ ಮಾಡಿದ್ದಳು. ತಪ್ಪು ಹುಡುಕುವವಳಿಗೆ ತಪ್ಪು ಸಿಗಲಿಲ್ಲ, ಆದರೂ ಅಲ್ಲಿಗೆ ಬಿಡಲಿಲ್ಲ. ಗಾಡಿಯ ಡ್ರೈವರನದು ಹಾಕಿದೆ. ರಸ್ತೆ ಮುಚ್ಚಿದೆ, ಕೆಳಗೇ ನಿಂತಿದ್ದೇನೆ ಅಂದಿದ್ದ. ಗೈಡುಗಳಲ್ಲಿ ಒಬ್ಬ ಜ್ವರ ಬಂದು ಮಲಗಿದ್ದ, ಇನ್ನೊಬ್ಬಳು ಮರಗಳ ಸಾಲು ದಾಟಿರಲಿಲ್ಲ. ಹಿಂದಿನ ದಿನದ್ದು, ಅದರ ಹಿಂದಿನ ದಿನದ್ದು ಹಾಕಿ ಕೇಳಿದೆ. ಬಿರುಗಾಳಿ ಶುರುವಾದ ಮೇಲೆ ಒಬ್ಬರೂ ಮೇಲೆ ಹತ್ತಿರಲಿಲ್ಲ. ಟೇಬಲ್ಲಿನಲ್ಲಿ ಮಾತ್ರ ಎಲ್ಲರೂ ದಿನಾ ಹತ್ತಿ, ಸುತ್ತಲೂ ನೋಡಿ, ಏನೂ ಇಲ್ಲ ಎಂದು ಇಳಿದು ಬಂದಿದ್ದರು.

ಶಿಫ್ಟ್ ಲೀಡನ್ನು ಕರೆದೆ. ಅವಳೂ ಒಂದು ಹೆಡ್‌ಸೆಟ್ ಹಾಕಿಕೊಂಡು ಕೇಳಿದಳು. ಆಮೇಲೆ ಬೇರೆ ಕಿಟಕಿ ತೆರೆದು ಆ ದಿನದ ಹವಾಮಾನ ತೋರಿಸಿದಳು. ಬಿರುಗಾಳಿ ನಿಂತಿತ್ತು. ಅಲ್ಲಿ ಶನಿವಾರ, ಬೆಳಗಾದರೆ ಶುಭ್ರ ಬಿಸಿಲು.

"ಮೇಡಂ, ಇಷ್ಟು ದಿನ ಮನೆಯಲ್ಲಿ ಕೂತವರು ಇವತ್ತು ಎಲ್ಲರೂ ಹೊರಡ್ತಾರೆ," ಅಂದಳು.

"ಮುನ್ಸೂಚಕರು ಅಂಕಿ ಎಷ್ಟು ಹಾಕ್ತಾರೋ ನೋಡು."

"ನಿನ್ನೆ ಮೂರು ಇತ್ತು. ಇವತ್ತಿನದು ಇನ್ನೂ ಬಂದಿಲ್ಲ."

ನಿಯಮದ ಪ್ರಕಾರ ಮುನ್ಸೂಚಕರ ಜೊತೆ ಮಾತಾಡುವ ಹಕ್ಕು ಮ್ಯಾನೇಜರಿಗೆ ಮಾತ್ರ. ಅವರ ಮೊಬೈಲಿಗೆ ಮಾಡಿದೆ. ಲ್ಯಾವಿಂಗ್ಟನ್ನಿನ ಶಾಲೆಯಲ್ಲಿ ಮಗಳ ಸ್ಪೋರ್ಟ್ಸ್ ಡೇ. ಹಿಂದೆ ಮೈಕಿನ ಗದ್ದಲ.

"ಎಂತ ಮಾರಾಯ್ರೆ, ಇವತ್ತು ಶನಿವಾರ ಅಲ್ವಾ? ರಿಲೇ ಶುರು ಆಗ್ತಾ ಉಂಟು."

"ಸರ್, ಟೇಬಲ್ ತಪ್ಪಿದೆ. ಈ ವಾರ ಇಡೀ ತಪ್ಪಿದೆ."

"ಹಂಡ್ರೆಡ್ ಪರ್ಸೆಂಟ್ ಅಂತ ನಿನ್ನೆ ನೀವೇ ಮೇಲ್ ಹಾಕಿದ್ದಲ್ವಾ?"

"ಅವರು ಯಾರೂ ಮೇಲೆ ಹೋಗೇ ಇಲ್ಲ ಸರ್. ನೋಡದೇ ಇದ್ದಿದ್ದನ್ನ ನಾವು ಇಲ್ಲ ಅಂತ ಹಾಕಿದೀವಿ. ಇವತ್ತು ಅಲ್ಲಿ ಬಿಸಿಲು. ಜನ ಹತ್ತುತ್ತಾರೆ."

"ನೋಡಿ, ಮಂಡೇ ರಿಪೋರ್ಟಲ್ಲಿ ನೀಟಾಗಿ ಹಾಕುವ. ಈಗ ಬ್ಯಾಚ್ ಮುಟ್ಟುವುದು ಬೇಡ. ರಿನ್ಯೂವಲ್ ತಲೆ ಮೇಲೆ ಉಂಟು. ಆ ಮನುಷ್ಯ ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದಾರೆ, ಅಷ್ಟೂ ಗೊತ್ತಾಗುದಿಲ್ವಾ ಅವರಿಗೆ?"

"ಅವರ ನಂಬರ್ ಆದ್ರೂ ಕೊಡಿ ಸರ್."

"ಮನೆಯಲ್ಲಿ ಉಂಟು. ಸಂಜೆ ಹೋಗಿ ಕೊಡ್ತೇನೆ," ಅಂದರು. ಸೀಟಿ ಊದಿತು, ಜನ ಕೂಗಿದರು, ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರು ಅವರು. ಕೆಟ್ಟವರಲ್ಲ.

ನನ್ನ ಬಳಿ ಇದ್ದದ್ದು ಒಂದೇ ನಂಬರ್, ನೋಡುಗರು ರೆಕಾರ್ಡ್ ಮಾಡುವ ಲೈನಿನದು. ತಲೆ ಕೆಟ್ಟು ಅದಕ್ಕೇ ಫೋನ್ ಹಚ್ಚಿದೆ. ಬೀಪ್ ಬಂತು. ನೈರೋಬಿಯಿಂದ ಮಾತಾಡ್ತಿದ್ದೇನೆ, ನಿಮ್ಮ ಟೇಬಲ್ ನಂಬಬೇಡಿ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ನಮ್ಮ ಸಾಲಿನ ಕೊನೆಯಲ್ಲಿ ಕೂತ ಹುಡುಗ ಹೆಡ್‌ಸೆಟ್ ಸರಿಸಿ, ಪೆಚ್ಚಾಗಿ ನನ್ನ ಕಡೆ ತಿರುಗಿದ. ಮೇಡಂ, ನಿಮ್ಮ ದನಿ ನನ್ನ ಕ್ಯೂಗೆ ಬಂದಿದೆ, ಇದನ್ನು ಯಾವ ಕಾಲಮ್ಮಿಗೆ ಹಾಕಲಿ ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಶುರುವಾಯಿತು, ಲಿಂಕು ಬಿತ್ತು. ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತಾ ಎಲ್ಲರೂ ಬೆವರುತ್ತಾ ಕೂತೆವು.

ಲಿಂಕು ಬಂದಾಗ ಎಚ್ಚರಿಕೆ ಪ್ರಕಟವಾಗಿಬಿಟ್ಟಿತ್ತು. ಅಪಾಯದ ಅಂಕಿ ಎರಡು. ಕೆಳಗೆ ಒಂದು ಸಾಲಿನ ಕಾರಣ: ಎಲ್ಲ ಕಡೆಯ ನೋಡುಗರೂ ಅಸ್ಥಿರತೆಯ ಯಾವ ಲಕ್ಷಣವನ್ನೂ ಕಂಡಿಲ್ಲ.

ಶಿಫ್ಟ್ ಲೀಡ್ ಓದಿ, "ಪೋಲೆ, ಮೇಡಂ," ಅಂದಳು. ಅವರಲ್ಲಿ ಅದು ಸಂತಾಪದ ಮಾತು, ಸಾವಿನ ಮನೆಯಲ್ಲಿ ಹೇಳುವ ಹಾಗೆ ಹೇಳಿದಳು.

ನನ್ನ ಪರದೆಯ ಮೂಲೆಯಲ್ಲಿ ಒಂದು ಬಟನ್ ಇತ್ತು. ಇಡೀ ಬ್ಯಾಚನ್ನು ತಿರಸ್ಕರಿಸುವುದು. ಟ್ರೇನಿಂಗಿನಲ್ಲಿ ತೋರಿಸುವುದು ಬಿಟ್ಟರೆ ಅದನ್ನು ಒತ್ತಿದವರಿಲ್ಲ. ಒತ್ತಿದರೆ ಟೇಬಲ್ ಆ ಕಡೆಯ ಪರದೆಯಲ್ಲಿ ಕೆಂಪಾಗುತ್ತದೆ, ಅದರ ಮೇಲೆ ನಿಂತ ಎಚ್ಚರಿಕೆ ತಾನಾಗಿಯೇ ಹಿಂದಕ್ಕೆ ಬಂದು 'ಪರಿಷ್ಕರಣೆಯಲ್ಲಿದೆ' ಎಂದು ಬದಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಕಂಪನಿಯ ಸೋಲು. ಒಂದು ವೇಳೆ ಮುನ್ಸೂಚಕರಿಗೆ ಎಲ್ಲ ಗೊತ್ತಿದ್ದು, ಬೇರೆ ಏನನ್ನೋ ನೋಡಿ ಎರಡು ಹಾಕಿದ್ದರೆ? ಹಿಮವನ್ನು ಚಮಚದಲ್ಲಿ ಕೆರೆದವಳು ನಾನು, ಅವರ ಅಂಕಿ ಕಿತ್ತುಹಾಕಲು ನಾನ್ಯಾರು? ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿತ್ತು. ಭಯವಾಯಿತು. ಆದರೆ ಆ ಕಾರಣದ ಸಾಲು ನಮ್ಮದು. ನಾವು ಕೂತಲ್ಲೇ ಕೂತು ಹುಟ್ಟಿಸಿದ ಸಾಲು. ಅದನ್ನು ನಂಬಿ ಯಾರೋ ಆಗಲೇ ಬೂಟು ಬಿಗಿಯುತ್ತಿರಬಹುದು. ಒತ್ತಿದೆ.

ಫೋನ್ ಬರಲು ಹೆಚ್ಚು ಹೊತ್ತಾಗಲಿಲ್ಲ. ಮುನ್ಸೂಚಕರೇ ಮಾಡಿದ್ದರು, ಸಿಟ್ಟಿನಲ್ಲಿದ್ದರು. "ಏನು ಮಾಡಿದಿರಿ? ಇವತ್ತು ಈ ಸೀಸನ್ನಿನ ಅತಿ ಹೆಚ್ಚು ಜನ ಬರುವ ದಿನ. ಮುಂಜಾನೆಯ ಹೊತ್ತಲ್ಲಿ ನನ್ನ ಪುಟ ಖಾಲಿ."

"ಸರ್, ಟೇಬಲ್ಲಿನಲ್ಲಿರುವ 'ಇಲ್ಲ' ಅವರು ಹೇಳಿದ್ದಲ್ಲ. ಅವರು ಏನೂ ಹೇಳದಿದ್ದರೆ ನಾವು ಹಾಗೆ ಹಾಕುತ್ತೇವೆ."

"ಹಾಗಾದರೆ ಅವರು ಕಂಡದ್ದೇನು?"

"ಏನನ್ನೂ ಕಂಡಿಲ್ಲ. ಈ ವಾರ ಒಬ್ಬರೂ ಮೇಲೆ ಹತ್ತಿಲ್ಲ."

ಆಮೇಲೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಮ್ಮಷ್ಟೇ ದಣಿವಿತ್ತು. "ಅಷ್ಟು ಹಿಮದ ಮೇಲೆ ಎಲ್ಲ ಕಡೆ 'ಇಲ್ಲ' ಅಂತ ಬಂದಾಗ ನನಗೂ ಆಶ್ಚರ್ಯವಾಯಿತು. ಅಷ್ಟು ಜನ ಹೇಳುತ್ತಿದ್ದಾರಲ್ಲ ಅಂದುಕೊಂಡೆ. ಮತ್ತೆ ಮಾಡಿ. ಅವರು ಹೇಳಿದ್ದನ್ನು ಮಾತ್ರ ಬರೆಯಿರಿ. ಉಳಿದದ್ದು ಖಾಲಿ ಇರಲಿ." ಸಿಸ್ಟಮ್ ಖಾಲಿ ಬಿಡಲು ಒಪ್ಪುವುದಿಲ್ಲ ಎಂದೆ. ತಮ್ಮ ಕಡೆಯಿಂದ ಆ ಬೀಗವನ್ನು ಅವರೇ ತೆಗೆದರು.

ಎಲ್ಲರೂ ಕೂತು ಮತ್ತೆ ಕೇಳಿದೆವು. ಟೇಬಲ್ ಈಗ ಉದುರಿದ ಹಲ್ಲಿನ ಬಾಯಿಯಂತೆ ಕಾಣುತ್ತಿತ್ತು. ನಮ್ಮ ಹುಡುಗರಿಗೆ ಅದನ್ನು ನೋಡಲಾಗದು. ಖಾಲಿ ಮನೆ ಕಂಡಲ್ಲೆಲ್ಲ ಬೆರಳು ತುಡಿಯುತ್ತಿತ್ತು. ಶಿಫ್ಟ್ ಲೀಡ್ ಹಿಂದೆ ನಿಂತು, ಬಿಡು, ಬಿಡು, ಹಾಗೇ ಬಿಡು ಅನ್ನುತ್ತಿದ್ದಳು. ಕಳಿಸಿದೆವು. ಸ್ವಲ್ಪದರಲ್ಲೇ ಹೊಸ ಎಚ್ಚರಿಕೆ ಬಂತು. ಅಂಕಿ ನಾಲ್ಕು. ಹೊಸ ಹಿಮದ ಭಾರ ಜಾಸ್ತಿ, ಕೆಳಗಿನ ಪದರ ದುರ್ಬಲ, ಮೇಲಿನ ಇಳಿಜಾರುಗಳನ್ನು ಯಾರೂ ನೋಡಿಲ್ಲ, ಹೋಗಬೇಡಿ ಎಂದಿತ್ತು. ಮುನ್ಸೂಚಕರು ನೋಡುಗರೆಲ್ಲರ ಫೋನ್ ನಂಬರುಗಳನ್ನೂ ಕಳಿಸಿದ್ದರು. ಅನುಮಾನ ಬಂದರೆ ನೇರ ಕೇಳಿ ಎಂದು ಬರೆದಿದ್ದರು.

ಹೊರಬಂದಾಗ ರಸ್ತೆ ಜಾಮಾಗಿತ್ತು. ನ್ಗಾರಾ ಕಡೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಮ್ಯಾನೇಜರ್ ಫೋನ್ ಮಾಡಿದರು. ಕಿರುಚಲಿಲ್ಲ. "ಕೇಳದೆ ಮಾಡಿಬಿಟ್ರಲ್ಲ ಮಾರಾಯ್ರೆ. ಬೆಂಗಳೂರಿಗೆ ನಾನೀಗ ಎಂತ ಹೇಳುದು?" ಅಂದರು. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಎರಡು ಎಂಬ ಅಂಕಿ ಪರದೆಯ ಮೇಲೆ ಇದ್ದಷ್ಟು ಹೊತ್ತು, ನಾನು ಸ್ಪೋರ್ಟ್ಸ್ ಡೇಗೂ ಬೀಪಿಗೂ ಮಾತಾಡುತ್ತಿದ್ದಷ್ಟು ಹೊತ್ತು, ಅಲ್ಲಿ ಎಷ್ಟು ಜನ ಓದಿ ಹೊರಟರೋ.

ಭಾನುವಾರ ಮಧ್ಯಾಹ್ನ ನಾನಾಗಿಯೇ ಆಫೀಸಿಗೆ ಹೋದೆ. ಲಾಡ್ಜಿನ ಮುದುಕನ ರೆಕಾರ್ಡಿಂಗ್ ಹಿಂದಿನ ಸಂಜೆಯದು, ಬಂದಿತ್ತು. ಗಾಳಿ ಇರಲಿಲ್ಲ, ಆತನ ದನಿ ಸ್ಪಷ್ಟವಿತ್ತು.

"ಮಧ್ಯಾಹ್ನ ಬಿಸಿಲು ಏರಿದ ಮೇಲೆ ಮೇಲಿನ ಇಳಿಜಾರು ಪೂರ್ತಿ ಕುಸಿಯಿತು. ಮರಗಳವರೆಗೆ ಬಂತು. ನನ್ನ ಅತಿಥಿಗಳು ಒಳಗೇ ಇದ್ದರು. ಒಬ್ಬ ಮಾತ್ರ ಬೆಳಿಗ್ಗೆ ಮೊದಲನೇ ಎಚ್ಚರಿಕೆ ನೋಡಿಕೊಂಡು ಹೊರಟುಹೋಗಿದ್ದ. ಕುಸಿತದ ಅಂಚಿನಲ್ಲಿ ಸಿಕ್ಕಿಕೊಂಡ. ಕಿಟಕಿಯಿಂದ ಕಂಡಿತು. ಉಳಿದವರು ಸಲಿಕೆ, ಹುಡುಕುವ ಯಂತ್ರ ತಗೊಂಡು ಓಡಿದರು, ಅಗೆದು ತೆಗೆದರು. ಮುಖ ನೀಲಿಯಾಗಿತ್ತು. ಹೆಲಿಕಾಪ್ಟರ್ ಬಂದು ಒಯ್ದಿತು. ಹೊಸ ಹಿಮ ಇಲ್ಲ. ಗಾಳಿ ಇಲ್ಲ. ಇಷ್ಟೇ."

ಶಿಫ್ಟ್ ಲೀಡ್ ಟೈಪ್ ಮಾಡಿದಳು. ಹೂತುಹೋದವರು, ಒಬ್ಬರು. ಮುಂದಿನ ಕಾಲಮ್ ಸತ್ತವರದು. ಅಲ್ಲಿ ಕರ್ಸರ್ ಮಿಣುಕುತ್ತಾ ನಿಂತಿತು. ಅವಳು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು. ಆತ ಹೇಳಿಲ್ಲ ಮೇಡಂ, ಅಂದಳು.

ಅದನ್ನು ಖಾಲಿ ಬಿಟ್ಟು ಮನೆಗೆ ಹೋಗುವ ಶಕ್ತಿ ನನಗಿರಲಿಲ್ಲ. ಕೇಳೋಣ, ಅಂದೆ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಆದರೆ ಲಾಡ್ಜ್ ನಡೆಸುವವನು ಒಲೆ ಹೊತ್ತಿಸಲು ಎದ್ದಿರುತ್ತಾನೆ. ಇಡೀ ಚಳಿಗಾಲ ರೆಕಾರ್ಡಿಂಗಿನಲ್ಲಿ ಕೇಳಿದ ದನಿ ಮೊದಲ ಸಲ ನನಗೆ ಹಲೋ ಅಂದಿತು. ನಾನು ಯಾರು ಎಂದು ಹೇಳಿ, ಆ ಮನುಷ್ಯನ ಬಗ್ಗೆ ಕೇಳಿದೆ.

"ಬದುಕಿದ್ದಾನೆ," ಅಂದ. "ತೊಡೆ ಮುರಿದಿದೆ. ರಾತ್ರಿ ಹೆಂಡತಿ ಫೋನ್ ಮಾಡಿದ್ದಳು. ಕಾಣೆಯಾದ ಸ್ಕೀಗೆ ಗೋಳಾಡ್ತಿದ್ದಾನಂತೆ." ಆಮೇಲೆ ಕೇಳಿದ, "ಆ ಎರಡರ ಅಂಕಿ ತೆಗೆಸಿದ್ದು ನೀವಾ?"

ಹೌದು ಎಂದೆ. ಇನ್ನೂ ಬೇಗ ತೆಗೆಸಬೇಕಿತ್ತು ಎಂದೂ ಹೇಳಿದೆ.

"ಇಲ್ಲಿದ್ದವರು ನಿನ್ನೆ ಬೆಳಗಿನಿಂದ ನಿಮಗೆ ಸಹಸ್ರನಾಮ ಮಾಡ್ತಿದ್ದರು. ರಜೆ ಹಾಳಾಯ್ತು, ಬಿಸಿಲು ಹಾಳಾಯ್ತು ಅಂತ. ನನಗೂ ಸೇರಿಸಿ ಬಯ್ದರು." ಆತ ಕೆಮ್ಮಿದ. "ಬಯ್ಯುತ್ತಾ ಇಲ್ಲೇ ಕೂತಿದ್ದರಲ್ಲ ತಾಯಿ, ಅದಕ್ಕೇ ಅವನನ್ನು ಅಗೆದು ತೆಗೆಯೋಕೆ ಜನ ಇದ್ದರು."

ನಾನು ಹೆಡ್‌ಸೆಟ್ ತೆಗೆಯಲಿಲ್ಲ. ಬದುಕಿದ್ದಾನಂತೆ ಎಂದು ಜೋರಾಗಿ ಹೇಳಿ, ಟೀಮಿನ ಎದುರಿಗೇ ಅತ್ತುಬಿಟ್ಟೆ.